ಮನೆಗೆ ಮಗು ಬಂದಾಗ ಮಾಡಿಡಬೇಕಾದ ಕಾಗದಪತ್ರಗಳು



ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದೆಂದು ಹಿರಿಯರು ಹೇಳುತ್ತಾರೆ. ಮಾತು ಸರಿಯೇ. ಆದರೆ ಕೂಸು ಹುಟ್ಟಿ, ನಾಮಕರಣವಾಗಿ, ಅಂಬೆಗಾಲಿಟ್ಟು ಅಂಗಳಕ್ಕೆ ಬಂದ ಮೇಲೂ ಕೆಲವು ಕೆಲಸಗಳು ನಮ್ಮ ಮನೆಗಳಲ್ಲಿ ಆಗಿರುವುದಿಲ್ಲ. ಬಾಣಂತನಕ್ಕೆ, ತೊಟ್ಟಿಲಿಗೆ, ಲಸಿಕೆಗೆ ಕೊಡುವ ಗಮನವನ್ನು ಕಾಗದಪತ್ರಗಳಿಗೆ ಕೊಡುವವರು ವಿರಳ. "ನಮಗೇನು ವಯಸ್ಸಾಗಿದೆಯೇ? ಮುಂದೆ ನೋಡೋಣ" ಎಂದು ದಿನ ದೂಡುವುದೇ ಹೆಚ್ಚು.

ಒಂದು ಸಂಸಾರವನ್ನು ಊಹಿಸಿಕೊಳ್ಳಿ. ಗಂಡನಿಗೆ ಮೂವತ್ತು ವರ್ಷ, ಹೆಂಡತಿಗೆ ಇಪ್ಪತ್ತೈದು, ಮಗುವಿಗೆ ಒಂದು ವರ್ಷ. ಆರು ಎಕರೆ ಜಮೀನು, ಒಂದು ಕೊಳವೆ ಬಾವಿ, ಎರಡು ಹಸು. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಮಗುವಿನ ಜನನ ನೋಂದಣಿ ಆಗಿದೆ, ಆದರೆ ಹೆಸರು ಸೇರಿಸಿಲ್ಲ. ಗಂಡನ ಬ್ಯಾಂಕ್ ಖಾತೆಗೆ ಮದುವೆಗೆ ಮೊದಲು ಕೊಟ್ಟ ತಮ್ಮನ ಹೆಸರೇ ನಾಮಿನಿಯಾಗಿ ಉಳಿದಿದೆ. ಇಂಥ ಮನೆಯಲ್ಲಿ ಹಾವು ಕಚ್ಚಿಯೋ, ವಿದ್ಯುತ್ ತಗುಲಿಯೋ, ರಸ್ತೆ ಅಪಘಾತದಲ್ಲೋ ಗಂಡ ತೀರಿಕೊಂಡರೆ ಆ ಹೆಣ್ಣುಮಗಳ ಗತಿಯೇನು? ಪಹಣಿಯಲ್ಲಿ ಹೆಸರಿಲ್ಲದ ಕಾರಣ ಬೆಳೆ ಸಾಲ ಸಿಗುವುದಿಲ್ಲ. ಬೆಳೆ ಪರಿಹಾರ ಕೇಳಲು ಹೋದರೆ ವಂಶವೃಕ್ಷ ತನ್ನಿ ಎನ್ನುತ್ತಾರೆ. ಬ್ಯಾಂಕಿನ ಹಣಕ್ಕೆ ಮೈದುನನ ರುಜು ಬೇಕಾಗುತ್ತದೆ. ಕಾಯಿದೆಯಂತೆ ಆಕೆಗೂ ಮಗುವಿಗೂ ಹಕ್ಕಿದೆ. ಆದರೆ ಆ ಹಕ್ಕನ್ನು ತೋರಿಸುವ ಕಾಗದ ಕೈಯಲ್ಲಿಲ್ಲ. ಇದ್ದ ಹಕ್ಕನ್ನು ಪಡೆಯಲು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

ಇದನ್ನು ತಪ್ಪಿಸಲು ಹೆಚ್ಚು ಖರ್ಚು ಬೇಕಿಲ್ಲ. ಮಗು ಹುಟ್ಟಿದ ಒಂದು ವರ್ಷದೊಳಗೆ ನಾಲ್ಕು ಕೆಲಸಗಳನ್ನು ಮುಗಿಸಿದರೆ ಸಾಕು: ಜನನ ಪತ್ರ, ಜಮೀನಿನ ದಾಖಲೆ, ನಾಮಿನಿ ಮತ್ತು ಉಯಿಲು. ಇವುಗಳನ್ನು ಒಂದೊಂದಾಗಿ ನೋಡೋಣ.

ಜನನ ನೋಂದಣಿ

ಜನನ ಮರಣಗಳ ನೋಂದಣಿ ಕಾಯಿದೆ 1969ರದು. ಇದರಂತೆ ಪ್ರತಿಯೊಂದು ಜನನವನ್ನೂ 21 ದಿನಗಳೊಳಗೆ ತಿಳಿಸಬೇಕು. ಈ ಅವಧಿಯಲ್ಲಿ ನೋಂದಣಿಗೆ ಶುಲ್ಕವಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ತಿಳಿಸುವ ಹೊಣೆ ಆಸ್ಪತ್ರೆಯ ಮುಖ್ಯಸ್ಥರದು. ಮನೆಯಲ್ಲಿ ಹೆರಿಗೆಯಾದರೆ ಮನೆಯ ಯಜಮಾನರು ತಿಳಿಸಬೇಕು. ಎಲ್ಲಿ ತಿಳಿಸಬೇಕೆಂಬುದನ್ನು ಗ್ರಾಮ ಪಂಚಾಯಿತಿ ಕಚೇರಿಯಲ್ಲಾಗಲಿ ಗ್ರಾಮ ಆಡಳಿತ ಅಧಿಕಾರಿಯವರಲ್ಲಾಗಲಿ ಕೇಳಿ ತಿಳಿಯಬಹುದು.

21 ದಿನ ದಾಟಿ 30 ದಿನದೊಳಗಾದರೆ ತಡವಾದ ಶುಲ್ಕ ಕೊಟ್ಟು ನೋಂದಾಯಿಸಬಹುದು. 30 ದಿನ ದಾಟಿ ಒಂದು ವರ್ಷದೊಳಗಾದರೆ ಮೇಲಧಿಕಾರಿಗಳ ಲಿಖಿತ ಅನುಮತಿ ಬೇಕು. ಒಂದು ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ನೋಂದಣಿಯಾಗದು. ಅಂದರೆ ಒಂದು ದಿನದಲ್ಲಿ ಪುಕ್ಕಟೆಯಾಗಿ ಆಗುವ ಕೆಲಸಕ್ಕೆ ವರ್ಷ ಕಳೆದ ಮೇಲೆ ಹಲವು ಬಾರಿ ತಾಲ್ಲೂಕು ಕೇಂದ್ರಕ್ಕೆ ಓಡಾಡಬೇಕಾಗುತ್ತದೆ.

ಈ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಯಿತು. ಆ ವರ್ಷದ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ನೌಕರಿ ಮುಂತಾದವುಗಳಲ್ಲಿ ಹುಟ್ಟಿದ ದಿನ ಮತ್ತು ಸ್ಥಳಕ್ಕೆ ಜನನ ಪತ್ರವೇ ಆಧಾರ. ಹಿಂದೆ ಶಾಲೆಯ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ಜನ್ಮದಿನವೇ ಜೀವನಪೂರ್ತಿ ನಡೆಯುತ್ತಿತ್ತು. ಈ ಮಕ್ಕಳಿಗೆ ಅದು ನಡೆಯುವುದಿಲ್ಲ.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ನಾಮಕರಣಕ್ಕೆ ಮೊದಲೇ ನೋಂದಣಿ ಆಗುವುದರಿಂದ ಹೆಚ್ಚಿನ ಜನನ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿಯಿರುತ್ತದೆ. ಒಂದು ವರ್ಷದೊಳಗೆ ಹೆಸರನ್ನು ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ ಶುಲ್ಕ ಕೊಟ್ಟು 15 ವರ್ಷದವರೆಗೆ ಸೇರಿಸಬಹುದು. ನಾಮಕರಣ ಮುಗಿದ ವಾರದಲ್ಲೇ ಇದನ್ನು ಮಾಡಿ ಮುಗಿಸುವುದು ಲೇಸು.

ಹೆಸರುಗಳು ಒಂದೇ ರೀತಿ ಇರಲಿ

ಜನನ ಪತ್ರದಲ್ಲಿ ತಂದೆಯ ಹೆಸರು ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆ, ಪಹಣಿಯಲ್ಲಿ ಮತ್ತೊಂದು ಬಗೆ ಇದ್ದರೆ ಮುಂದೆ ಅದೇ ದೊಡ್ಡ ತೊಡಕು. ಒಂದು ಕಡೆ "ಬಿನ್" ಸೇರಿಸಿ ತಂದೆಯ ಹೆಸರು, ಇನ್ನೊಂದು ಕಡೆ ಊರಿನ ಹೆಸರು, ಮಗದೊಂದು ಕಡೆ ಮನೆತನದ ಹೆಸರು ಇರುವುದು ನಮ್ಮಲ್ಲಿ ಸಾಮಾನ್ಯ. ತಾಯಿಯ ಹೆಸರನ್ನು ಮದುವೆಯ ಅನಂತರ ಬದಲಿಸಿದ್ದರಂತೂ ಗೊಂದಲ ಇನ್ನೂ ಹೆಚ್ಚು. ಆಸ್ಪತ್ರೆಯಲ್ಲಿ ವಿವರ ಬರೆಸುವಾಗ ಬಾಯಿಮಾತಿನಲ್ಲಿ ಹೇಳದೆ ತಂದೆ ತಾಯಿಯರ ಆಧಾರ್ ಚೀಟಿಯನ್ನು ತೋರಿಸಿ ಅದರಂತೆಯೇ ಬರೆಸಿರಿ. ಬರೆದದ್ದನ್ನು ಅಕ್ಷರ ಅಕ್ಷರವಾಗಿ ಓದಿನೋಡಿ. ತಪ್ಪು ಕಂಡರೆ ಕೂಡಲೇ ತಿದ್ದಿಸಿರಿ.

ಮಗುವಿಗೆ ಐದು ವರ್ಷ ತುಂಬುವ ಮೊದಲೇ ಆಧಾರ್ ಮಾಡಿಸಬಹುದು. ಆಗ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ. ತಂದೆ ಅಥವಾ ತಾಯಿಯ ಆಧಾರ್‌ಗೆ ಸೇರಿಸುತ್ತಾರೆ. ಐದು ವರ್ಷ ತುಂಬಿದಾಗ ಒಮ್ಮೆ, ಹದಿನೈದು ತುಂಬಿದಾಗ ಇನ್ನೊಮ್ಮೆ ಬೆರಳಚ್ಚು ಕೊಡಬೇಕು. ಜೊತೆಗೆ ಪಡಿತರ ಚೀಟಿಯಲ್ಲಿ ಮಗುವಿನ ಹೆಸರು ಸೇರಿಸಲು ಅರ್ಜಿ ಕೊಡಿ. ನಿಮ್ಮ ಮದುವೆಯ ನೋಂದಣಿ ಆಗಿಲ್ಲದಿದ್ದರೆ ಅದನ್ನೂ ಈಗಲೇ ಮಾಡಿಸಿರಿ. ಲಗ್ನಪತ್ರಿಕೆ ಮತ್ತು ಫೋಟೋಗಳು ಇದ್ದರೂ ಹೆಂಡತಿಯ ಹಕ್ಕಿಗೆ ವಿವಾಹ ನೋಂದಣಿ ಪತ್ರದಷ್ಟು ಗಟ್ಟಿಯಾದ ಆಧಾರ ಬೇರೊಂದಿಲ್ಲ.

ಪಹಣಿ ಯಾರ ಹೆಸರಿನಲ್ಲಿದೆ?

ಜನನ ಪತ್ರ ಮಗು ಯಾರೆಂದು ಹೇಳುತ್ತದೆ. ಅದರ ಪಾಲಿನ ಜಮೀನು ಯಾವುದೆಂದು ಹೇಳುವುದು ಕಂದಾಯ ದಾಖಲೆ. ಇಂದೇ ಒಂದು ಪಹಣಿಯ ನಕಲು ತೆಗೆಸಿ ನೋಡಿ. ಅದರಲ್ಲಿರುವ ಹೆಸರು ಬದುಕಿರುವವರದೇ? ವಿಸ್ತೀರ್ಣ ಸರಿಯಿದೆಯೇ? ಹಳೆಯ ಸಾಲ ತೀರಿದ ಮೇಲೂ ಅಡಮಾನದ ನಮೂದು ಹಾಗೆಯೇ ಉಳಿದಿದೆಯೇ?

ಖಾತೆದಾರರು ತೀರಿಕೊಂಡಿದ್ದರೆ ಪೌತಿ ಖಾತೆ ಮಾಡಿಸುವುದು ಮೊದಲ ಕೆಲಸ. ಇದಕ್ಕೆ ಮರಣ ಪತ್ರ, ವಂಶವೃಕ್ಷ, ಪಹಣಿ ಮತ್ತು ವಾರಸುದಾರರ ಗುರುತಿನ ಚೀಟಿಗಳು ಬೇಕು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಅದರಲ್ಲಿ ಹೆಣ್ಣುಮಕ್ಕಳನ್ನೂ, ತೀರಿಕೊಂಡವರ ಮಕ್ಕಳನ್ನೂ ಬಿಡದೆ ಬರೆಸಬೇಕು. "ಮದುವೆಯಾಗಿ ಹೋದವಳು, ಅವಳ ಹೆಸರೇಕೆ" ಎಂದು ಬಿಟ್ಟರೆ ಮುಂದೆ ಇಡೀ ಖಾತೆಯೇ ತಕರಾರಿಗೆ ಬೀಳುತ್ತದೆ.

ಅಜ್ಜನ ಕಾಲದ ಪಹಣಿಯನ್ನು ಹಾಗೆಯೇ ಬಿಟ್ಟರೆ ಆಗುವ ನಷ್ಟವನ್ನು ಗಮನಿಸಿ. ತಲೆಮಾರು ಉರುಳಿದಷ್ಟೂ ವಾರಸುದಾರರ ಸಂಖ್ಯೆ ಬೆಳೆಯುತ್ತದೆ. ಇಂದು ನಾಲ್ಕು ರುಜುವಿನಲ್ಲಿ ಮುಗಿಯುವ ಕೆಲಸಕ್ಕೆ ಇಪ್ಪತ್ತು ವರ್ಷದ ಮೇಲೆ ಹದಿನೈದು ರುಜು ಬೇಕಾಗಬಹುದು. ಅವರಲ್ಲಿ ಕೆಲವರು ಪರಊರಿನಲ್ಲಿರುತ್ತಾರೆ, ಕೆಲವರು ಮಾತು ಬಿಟ್ಟಿರುತ್ತಾರೆ. ಆ ಭಾರವೆಲ್ಲ ಇಂದು ತೊಟ್ಟಿಲಲ್ಲಿರುವ ಮಗುವಿನ ತಲೆಯ ಮೇಲೆ ಬೀಳುತ್ತದೆ.

ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಬೇರೆ ಬೇರೆ ಉಳುತ್ತಿರುವ ಮನೆಗಳು ಬಹಳ. ಅಂಥವರು ಒಮ್ಮತವಿರುವಾಗಲೇ ಜಮೀನನ್ನು ಅಳೆಸಿ, ನಕ್ಷೆ ಮಾಡಿಸಿ, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ವಿಭಾಗ ಪತ್ರವನ್ನು ನೋಂದಾಯಿಸಿಕೊಳ್ಳಬೇಕು. ಬದು ಎಲ್ಲಿದೆಯೆಂದು ಅಣ್ಣತಮ್ಮಂದಿರಿಗೆ ಗೊತ್ತು. ಅವರ ಮಕ್ಕಳ ಕಾಲಕ್ಕೆ ಬದು ಸವೆದಿರುತ್ತದೆ, ನೆನಪೂ ಸವೆದಿರುತ್ತದೆ.

ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಸಂಪೂರ್ಣ ಸಿದ್ಧವಾಗುವುದಿಲ್ಲ ಎಂಬುದೂ ತಿಳಿದಿರಲಿ. ಕರ್ನಾಟಕ ಭೂಕಂದಾಯ ಕಾಯಿದೆ, 1964ರಂತೆ ಅದರ ನಮೂದನ್ನು ಬೇರೆ ರುಜುವಾತು ಬರುವವರೆಗೆ ಸರಿಯೆಂದು ಭಾವಿಸಲಾಗುತ್ತದೆ. ಆದ್ದರಿಂದ ಕ್ರಯಪತ್ರ, ವಿಭಾಗ ಪತ್ರ, ಮಂಜೂರಾತಿ ಆದೇಶ ಮುಂತಾದ ಮೂಲ ಪತ್ರಗಳನ್ನೂ ಜೋಪಾನವಾಗಿಡಬೇಕು.

ಮಗುವಿನ ಪಾಲು ಎಷ್ಟು?

ಹಿಂದೂ ಕುಟುಂಬಗಳಲ್ಲಿ ಜಮೀನು ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂಬುದರ ಮೇಲೆ ಹಕ್ಕು ನಿಂತಿದೆ. ಪಿತ್ರಾರ್ಜಿತ ಕೂಡುಕುಟುಂಬದ ಆಸ್ತಿಯಲ್ಲಿ ಮಗುವಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆ. ಹೆಣ್ಣುಮಗುವಿಗೂ ಗಂಡುಮಗುವಿನಷ್ಟೇ ಹಕ್ಕು. ಕರ್ನಾಟಕದಲ್ಲಿ 1994ರಲ್ಲಿಯೇ ಹೆಣ್ಣುಮಕ್ಕಳಿಗೆ ಈ ದಿಸೆಯಲ್ಲಿ ಹಕ್ಕು ಕೊಡುವ ತಿದ್ದುಪಡಿ ಬಂದಿತ್ತು. 2005ರಲ್ಲಿ ಕೇಂದ್ರದ ಕಾಯಿದೆಯೇ ತಿದ್ದುಪಡಿಯಾಯಿತು. ಈ ಹಕ್ಕು ಹುಟ್ಟಿನಿಂದ ಬರುವುದೆಂದೂ, 2005ರಲ್ಲಿ ತಂದೆ ಬದುಕಿರಲೇಬೇಕೆಂಬ ನಿಯಮವಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು.

ಸ್ವಯಾರ್ಜಿತ ಆಸ್ತಿಯ ರೀತಿ ಬೇರೆ. ಮಾಲೀಕ ಬದುಕಿರುವವರೆಗೆ ಅದು ಅವನದೇ. ಉಯಿಲು ಬರೆಯದೆ ತೀರಿಕೊಂಡರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಅವನ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಇವರಿಗೆ ಸಮಪಾಲು. ಉದಾಹರಣೆಗೆ, ಒಬ್ಬ ರೈತ ತಾನೇ ಕೊಂಡ 6 ಎಕರೆ ಜಮೀನು ಬಿಟ್ಟು ತೀರಿಕೊಂಡ. ಹೆಂಡತಿ, ತಾಯಿ, ಒಬ್ಬ ಮಗ, ಒಬ್ಬ ಮಗಳು ಇದ್ದಾರೆ ಎನ್ನೋಣ. ಆಗ ನಾಲ್ವರಿಗೂ ತಲಾ 1 ಎಕರೆ 20 ಗುಂಟೆ. ತಂದೆ ತೀರಿಕೊಂಡಾಗ ಮಗು ಇನ್ನೂ ಹೊಟ್ಟೆಯಲ್ಲಿದ್ದರೂ, ಅನಂತರ ಜೀವಂತವಾಗಿ ಹುಟ್ಟಿದರೆ ಅದಕ್ಕೂ ಪಾಲುಂಟು. ಹೆಂಡತಿ ಮುಂದೆ ಮರುಮದುವೆಯಾದರೂ ಅವಳಿಗೆ ಬಂದ ಪಾಲು ಹೋಗುವುದಿಲ್ಲ.

ಜಮೀನು ಅಜ್ಜನ ಸ್ವಯಾರ್ಜಿತವಾಗಿದ್ದು, ಅಜ್ಜ ಬದುಕಿರುವಾಗಲೇ ಮಗ ತೀರಿಕೊಂಡರೆ? ಆಗ ಸೊಸೆಗೂ ಮೊಮ್ಮಗುವಿಗೂ ಕೂಡಲೇ ಏನೂ ಬರುವುದಿಲ್ಲ. ಅಜ್ಜ ಉಯಿಲು ಬರೆಯದೆ ತೀರಿಕೊಂಡಾಗ, ಆ ಮಗ ಬದುಕಿದ್ದರೆ ಬರುತ್ತಿದ್ದ ಒಂದು ಪಾಲು ಅವರಿಬ್ಬರಿಗೆ ಬರುತ್ತದೆ. ಈ ನಡುವಿನ ಕಾಲವೇ ಕಷ್ಟದ ಕಾಲ. ಆದ್ದರಿಂದ ಮೊಮ್ಮಗು ಕಂಡ ಅಜ್ಜಂದಿರು ತಮ್ಮ ಉಯಿಲಿನ ಬಗ್ಗೆಯೂ ಯೋಚಿಸಬೇಕು.

ಮುಸ್ಲಿಂ ಕುಟುಂಬಗಳಲ್ಲಿ ಪಾಲುಗಳನ್ನು ಅವರ ಧರ್ಮಶಾಸ್ತ್ರವೇ ನಿಗದಿ ಮಾಡಿದೆ. ಸುನ್ನಿ ಪದ್ಧತಿಯಲ್ಲಿ ಅಜ್ಜನಿಗೆ ಬೇರೆ ಗಂಡುಮಕ್ಕಳಿದ್ದರೆ, ಮೊದಲೇ ತೀರಿಕೊಂಡ ಮಗನ ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ಪಾಲು ಬರುವುದಿಲ್ಲ. ಆದರೆ ಆಸ್ತಿಯ ಮೂರನೆಯ ಒಂದು ಭಾಗದ ಮಿತಿಯಲ್ಲಿ ಅಂಥ ಮೊಮ್ಮಕ್ಕಳಿಗೆ ಉಯಿಲು ಬರೆಯಲು ಅಜ್ಜನಿಗೆ ಅವಕಾಶವಿದೆ. ಕ್ರೈಸ್ತ ಕುಟುಂಬಗಳಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಉಯಿಲಿಲ್ಲದಿದ್ದರೆ ಹೆಂಡತಿಗೆ ಮೂರನೆಯ ಒಂದು ಭಾಗ, ಉಳಿದ ಎರಡು ಭಾಗ ಮಕ್ಕಳಿಗೆ.

ಮೈನರ್ ಮಕ್ಕಳ ಆಸ್ತಿ ಮತ್ತು ಪೋಷಕರು

ಹದಿನೆಂಟು ತುಂಬುವವರೆಗೆ ಮಗು ಕಾಯಿದೆಯ ಕಣ್ಣಿನಲ್ಲಿ ಅಪ್ರಾಪ್ತ ವಯಸ್ಕ, ಅಂದರೆ ಮೈನರ್. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಕಾಯಿದೆಯಂತೆ ತಂದೆ, ಆತನ ಅನಂತರ ತಾಯಿ ಸಹಜ ಪೋಷಕರು. ಇಲ್ಲಿ "ಅನಂತರ" ಎಂದರೆ ತಂದೆ ಸತ್ತ ಮೇಲೆ ಮಾತ್ರ ಎಂದಲ್ಲ. ತಂದೆ ದೂರವಿದ್ದಾಗ ಅಥವಾ ಮಗುವಿನ ಹೊಣೆ ಹೊರದಿದ್ದಾಗಲೂ ತಾಯಿ ಪೋಷಕಳಾಗಬಹುದೆಂದು ಸರ್ವೋಚ್ಚ ನ್ಯಾಯಾಲಯ 1999ರಲ್ಲಿ ಹೇಳಿದೆ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಇವರಾರೂ ತಾವಾಗಿಯೇ ಪೋಷಕರಾಗುವುದಿಲ್ಲ.

ಬೇಲಿಯೇ ಎದ್ದು ಹೊಲ ಮೇಯಬಾರದೆಂದು ಕಾಯಿದೆ ಒಂದು ಕಟ್ಟು ಹಾಕಿದೆ. ಮೈನರ್ ಹೆಸರಿನಲ್ಲಿ ಪ್ರತ್ಯೇಕವಾಗಿರುವ ಜಮೀನನ್ನು ನ್ಯಾಯಾಲಯದ ಅನುಮತಿ ಇಲ್ಲದೆ ತಂದೆ ತಾಯಿಯರೂ ಮಾರುವಂತಿಲ್ಲ, ಒತ್ತೆ ಇಡುವಂತಿಲ್ಲ, ಐದು ವರ್ಷಕ್ಕೆ ಮೀರಿ ಗುತ್ತಿಗೆ ಕೊಡುವಂತಿಲ್ಲ. ಅನುಮತಿ ಇಲ್ಲದೆ ಮಾರಿದರೆ ಮಗು ಪ್ರಾಪ್ತ ವಯಸ್ಸಿಗೆ ಬಂದ ಮೂರು ವರ್ಷಗಳೊಳಗೆ ಆ ಮಾರಾಟವನ್ನು ರದ್ದುಗೊಳಿಸಲು ದಾವೆ ಹೂಡಬಹುದು. ಕೂಡುಕುಟುಂಬದ ಅವಿಭಕ್ತ ಆಸ್ತಿಗೆ ಈ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಯಜಮಾನರು ಕುಟುಂಬದ ನಿಜವಾದ ಅಗತ್ಯಕ್ಕೆ ಮಾರಬಹುದು. ಅಗತ್ಯವಿರಲಿಲ್ಲವೆಂದಾದರೆ ಮಗು ಮುಂದೆ ಪ್ರಶ್ನಿಸಬಹುದು.

ಆದ್ದರಿಂದ ಪ್ರೀತಿಗಾಗಿ ಹೊಸ ಜಮೀನನ್ನು ಮಗುವಿನ ಹೆಸರಿಗೆ ಕೊಳ್ಳುವ ಮುನ್ನ, ಅಥವಾ ಇದ್ದ ಜಮೀನನ್ನು ದಾನಪತ್ರ ಮಾಡುವ ಮುನ್ನ ಯೋಚಿಸಿ. ಆಮೇಲೆ ಕೊಳವೆ ಬಾವಿಗೆ ಸಾಲ ಬೇಕೆಂದು ಆ ಜಮೀನನ್ನು ಅಡವಿಡಲು ಹೋದರೆ ಮೊದಲು ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ದಾನಪತ್ರ ಕೊಟ್ಟ ದಿನವೇ ಆಸ್ತಿ ಕೈಬಿಡುತ್ತದೆ. ಉಯಿಲು ಹಾಗಲ್ಲ. ಅದು ಬರೆದವರ ಮರಣದ ಅನಂತರವೇ ಜಾರಿಗೆ ಬರುತ್ತದೆ. ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು.

ನಾಮಿನಿಯ ಹೆಸರು

ಬ್ಯಾಂಕ್, ಅಂಚೆ ಕಚೇರಿ, ಸಹಕಾರ ಸಂಘ, ಹಾಲು ಉತ್ಪಾದಕರ ಸಂಘ, ಜೀವವಿಮೆ ಹೀಗೆ ಎಲ್ಲೆಲ್ಲಿ ನಿಮ್ಮ ಹಣವೋ ಷೇರೋ ಇದೆಯೋ ಅಲ್ಲೆಲ್ಲ ನಾಮಿನಿ ಯಾರೆಂದು ಒಮ್ಮೆ ನೋಡಿ. ಮದುವೆಗೆ ಮೊದಲು ತೆರೆದ ಖಾತೆಗಳಲ್ಲಿ ತಂದೆ, ತಾಯಿ ಅಥವಾ ತಮ್ಮನ ಹೆಸರು ಇರುವುದು ಸಾಮಾನ್ಯ. ಒಂದು ನಮೂನೆ ತುಂಬಿಕೊಟ್ಟರೆ ಬದಲಾಗುತ್ತದೆ. ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ಬ್ಯಾಂಕ್ ಠೇವಣಿಗಳಿಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಲು ಅವಕಾಶವಾಗಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಬ್ಯಾಂಕ್ ಖಾತೆಯ ನಾಮಿನಿ ಹಣದ ಒಡೆಯನಲ್ಲ. ಅವನು ಹಣವನ್ನು ಬ್ಯಾಂಕಿನಿಂದ ಪಡೆದು ವಾರಸುದಾರರಿಗೆ ತಲುಪಿಸಬೇಕಾದವನು. ಜೀವವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ಅನಂತರ ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆ ತಾಯಿ ಇವರನ್ನು ನಾಮಿನಿ ಮಾಡಿದ್ದರೆ ಆ ಹಣಕ್ಕೆ ಅವರು ಹಕ್ಕುದಾರರೆಂದು ಕಾಯಿದೆ ಹೇಳುತ್ತದೆ. ವಿಮೆಗೆ ಮಗುವನ್ನು ನಾಮಿನಿ ಮಾಡುವುದಾದರೆ, ಅದರ ಪರವಾಗಿ ಹಣ ಪಡೆಯುವ ವಯಸ್ಕರ ಹೆಸರನ್ನೂ ಅದೇ ನಮೂನೆಯಲ್ಲಿ ಬರೆಸಬೇಕು. ಮಗು ಚಿಕ್ಕದಿರುವವರೆಗೆ ಹೆಂಡತಿಯನ್ನೇ ನಾಮಿನಿ ಮಾಡುವುದು ಸುಲಭದ ದಾರಿ.

ವಿಮೆ ಇಲ್ಲದವರು ಬ್ಯಾಂಕಿನಲ್ಲಿ ಎರಡು ಯೋಜನೆಗಳನ್ನು ವಿಚಾರಿಸಿ. ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ. 18ರಿಂದ 50 ವರ್ಷದೊಳಗಿನವರು ಸೇರಬಹುದು. ಸುರಕ್ಷಾ ವಿಮೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ, ಅಪಘಾತಕ್ಕೆ ಮಾತ್ರ. ಮರಣ ಸಂಭವಿಸಿದರೆ ಎರಡರಲ್ಲೂ ತಲಾ 2 ಲಕ್ಷ ರೂಪಾಯಿ ಬರುತ್ತದೆ. ಇವುಗಳಿಗೂ ನಾಮಿನಿ ಇರಬೇಕು, ಮತ್ತು ಮನೆಯವರಿಗೆ ಈ ವಿಷಯ ಗೊತ್ತಿರಬೇಕು. ಗೊತ್ತಿಲ್ಲದ ವಿಮೆಯನ್ನು ಯಾರೂ ಕೇಳಲು ಹೋಗುವುದಿಲ್ಲ.

ಉಯಿಲು ಬರೆಯುವ ಕ್ರಮ

ಮರಣಶಾಸನ, ಮೃತ್ಯುಪತ್ರ, ಉಯಿಲು ಎಂದು ಬೇರೆ ಬೇರೆ ಕಡೆ ಕರೆಯುವುದು ಒಂದನ್ನೇ. ಇದು ಮುಪ್ಪಿನವರ ಪತ್ರ, ಬರೆದರೆ ಅಪಶಕುನ ಎಂಬ ಭಾವನೆ ಇದೆ. ಬೀಜ ಬಿತ್ತಿದ ದಿನವೇ ಬೆಳೆ ವಿಮೆ ಕಟ್ಟಿದರೆ ಬೆಳೆ ಹೋಗುವುದಿಲ್ಲವಷ್ಟೆ? ಚಿಕ್ಕ ಮಕ್ಕಳಿರುವ ತಂದೆ ತಾಯಿಯರಿಗೇ ಉಯಿಲಿನ ಅಗತ್ಯ ಹೆಚ್ಚು. ಏಕೆಂದರೆ ಹಿಂದೂ ದಂಪತಿಗಳು ಮಗುವಿಗೆ ಪೋಷಕರನ್ನು ತಾವೇ ಹೆಸರಿಸಿಡಬಹುದಾದ ಪತ್ರ ಇದೊಂದೇ.

ಉಯಿಲಿಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಕೈಬರಹದಲ್ಲಿದ್ದರೂ ನಡೆಯುತ್ತದೆ. ಕನ್ನಡದಲ್ಲೇ ಬರೆಯಬಹುದು. ಮುಖ್ಯವಾದ ನಿಯಮಗಳು ಇವು:

1. ಬರೆಯುವವರು 18 ವರ್ಷ ತುಂಬಿದವರೂ ಸ್ವಸ್ಥಚಿತ್ತರೂ ಆಗಿರಬೇಕು.

2. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ನೀವು ರುಜು ಅಥವಾ ಹೆಬ್ಬೆಟ್ಟಿನ ಗುರುತು ಹಾಕುವುದನ್ನು ಅವರು ನೋಡಬೇಕು. ಅವರೂ ನಿಮ್ಮೆದುರಿಗೇ ರುಜು ಹಾಕಬೇಕು.

3. ಆಸ್ತಿ ಪಡೆಯುವವರು ಸಾಕ್ಷಿಗಳಾಗಬಾರದು. ನಿಮಗಿಂತ ಕಿರಿಯರೂ ಊರಿನಲ್ಲೇ ನೆಲೆಸಿರುವವರೂ ಆದ ಸಾಕ್ಷಿಗಳಿದ್ದರೆ ಒಳ್ಳೆಯದು. ಉಯಿಲನ್ನು ರುಜುವಾತುಪಡಿಸಲು ಮುಂದೆ ಅವರಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬರಬೇಕಾಗಬಹುದು.

4. ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಸ್ಪಷ್ಟವಾಗಿರಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ನಿಮ್ಮ ಪಾಲನ್ನು ಮಾತ್ರ ಬರೆಯಬಹುದು; ಇತರರ ಪಾಲನ್ನು ಬರೆದರೆ ನಡೆಯದು.

5. ನೋಂದಣಿ ಕಡ್ಡಾಯವಲ್ಲ. ಆದರೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದರೆ ಕಳೆದುಹೋಗುವ, ತಿದ್ದುವ ಭಯವಿರುವುದಿಲ್ಲ.

6. ಹಲವು ಉಯಿಲುಗಳಿದ್ದರೆ ಕೊನೆಯದೇ ಊರ್ಜಿತ. ಆದ್ದರಿಂದ ತಾರೀಖು ತಪ್ಪದೆ ಬರೆಯಿರಿ. ಎರಡನೆಯ ಮಗು ಹುಟ್ಟಿದರೆ ಹೊಸ ಉಯಿಲು ಬರೆಯಿರಿ.

ಪೋಷಕರ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ತಂದೆ ತನ್ನ ಉಯಿಲಿನಲ್ಲಿ ಯಾರನ್ನೇ ಪೋಷಕರೆಂದು ಬರೆದಿದ್ದರೂ ತಾಯಿ ಬದುಕಿರುವವರೆಗೆ ತಾಯಿಯೇ ಪೋಷಕಿ. ತಾಯಿಯೂ ಇಲ್ಲವಾದಾಗ, ಆಕೆ ಬೇರೆ ಯಾರನ್ನೂ ಹೆಸರಿಸಿಲ್ಲದಿದ್ದರೆ, ತಂದೆ ಹೆಸರಿಸಿದವರು ಪೋಷಕರಾಗುತ್ತಾರೆ. ಆದ್ದರಿಂದ ಗಂಡಹೆಂಡಿರು ಕೂಡಿ ಮಾತನಾಡಿ, ಇಬ್ಬರೂ ಪ್ರತ್ಯೇಕವಾಗಿ ಉಯಿಲು ಬರೆದು, ಒಬ್ಬರನ್ನೇ ಹೆಸರಿಸುವುದು ಸರಿಯಾದ ಕ್ರಮ. ಆ ವ್ಯಕ್ತಿಯ ಒಪ್ಪಿಗೆಯನ್ನು ಮೊದಲೇ ಕೇಳಿರಿ. ಹಣವಂತರಿಗಿಂತ ಮಗುವನ್ನು ತಮ್ಮ ಮಕ್ಕಳಂತೆ ಓದಿಸುವ ಮನಸ್ಸಿರುವವರನ್ನು ಆರಿಸಿರಿ. ತಾಯಿಗೆ ತವರಿನಿಂದ ಬಂದ ಜಮೀನು ಅಥವಾ ಒಡವೆ ಇದ್ದರೆ ಅದಕ್ಕೆ ಆಕೆಯೇ ಬರೆಯಬೇಕು. ಹಿಂದೂಗಳಲ್ಲದ ಕುಟುಂಬಗಳಲ್ಲಿ ಪೋಷಕರ ನೇಮಕ 1890ರ ಪೋಷಕರು ಮತ್ತು ಪೋಷಿತರ ಕಾಯಿದೆಯಂತೆ ನ್ಯಾಯಾಲಯದ ಮೂಲಕ ಆಗಬಹುದು. ಅಂಥವರು ವಕೀಲರ ಸಲಹೆ ಪಡೆಯಬೇಕು.

ಸರ್ಕಾರದಿಂದ ಮಂಜೂರಾದ ಜಮೀನು, ಭೂಸುಧಾರಣೆಯಲ್ಲಿ ಬಂದ ಗೇಣಿ ಜಮೀನು ಇವುಗಳಿಗೆ ಷರತ್ತುಗಳಿರುತ್ತವೆ. ಉಯಿಲು ಬರೆಯುವ ಮುಂಚೆ ಮಂಜೂರಾತಿ ಆದೇಶವನ್ನು ವಕೀಲರಿಗೆ ತೋರಿಸಿರಿ.

ಸರಳವಾದ ಉಯಿಲಿನ ಮಾದರಿ ಹೀಗಿದೆ:

"...... ತಾಲ್ಲೂಕು ...... ಗ್ರಾಮದ ವಾಸಿ, ...... ಅವರ ಮಗ, ...... ವರ್ಷ ವಯಸ್ಸಿನ ...... ಆದ ನಾನು ದಿನಾಂಕ ...... ರಂದು ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ ಬರೆಸಿದ ಉಯಿಲು. ಈ ಹಿಂದೆ ನಾನು ಬರೆದಿರಬಹುದಾದ ಎಲ್ಲ ಉಯಿಲುಗಳನ್ನು ರದ್ದುಪಡಿಸಿದ್ದೇನೆ. ಕೆಳಗೆ ವಿವರಿಸಿದ ಆಸ್ತಿ ನನ್ನ ಮರಣಾನಂತರ ನನ್ನ ಹೆಂಡತಿ ...... ಗೆ ...... ಭಾಗ, ನನ್ನ ಮಗು ...... ಗೆ ...... ಭಾಗ, ನನ್ನ ತಾಯಿ ...... ಗೆ ...... ಭಾಗದಂತೆ ಸೇರತಕ್ಕದ್ದು. ಮಗು ಪ್ರಾಪ್ತ ವಯಸ್ಸಿಗೆ ಬರುವ ಮೊದಲು ನಾನೂ ನನ್ನ ಹೆಂಡತಿಯೂ ಇಬ್ಬರೂ ಇಲ್ಲವಾದರೆ ...... ಇವರು ಮಗುವಿನ ಹಾಗೂ ಅದರ ಆಸ್ತಿಯ ಪೋಷಕರಾಗಿರತಕ್ಕದ್ದು. ಈ ಉಯಿಲನ್ನು ಜಾರಿಗೆ ತರಲು ...... ಇವರನ್ನು ನೇಮಿಸಿದ್ದೇನೆ."

ಇದರ ಕೆಳಗೆ ಆಸ್ತಿಯ ವಿವರ, ನಿಮ್ಮ ರುಜು, ಇಬ್ಬರು ಸಾಕ್ಷಿಗಳ ಹೆಸರು, ವಿಳಾಸ ಮತ್ತು ರುಜು ಬರಬೇಕು. ಒಂದಕ್ಕಿಂತ ಹೆಚ್ಚು ಹಾಳೆಗಳಿದ್ದರೆ ಪ್ರತಿ ಹಾಳೆಗೂ ರುಜು ಹಾಕಿರಿ.

ಸಾಲದ ಪಟ್ಟಿಯೂ ಬೇಕು

ಆಸ್ತಿಯ ಜೊತೆಗೆ ಸಾಲದ ವಿವರವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಸಹಕಾರ ಸಂಘದ ಸಾಲ, ಬ್ಯಾಂಕಿನ ಸಾಲ, ಕೈಸಾಲ, ಗೊಬ್ಬರದ ಅಂಗಡಿಯ ಬಾಕಿ, ನೀವು ಇತರರಿಗೆ ಹಾಕಿದ ಜಾಮೀನು ಇವೆಲ್ಲವೂ ಅದರಲ್ಲಿರಲಿ. ಯಜಮಾನ ಸತ್ತ ಮನೆಗೆ ಸುಳ್ಳು ಸಾಲದ ಲೆಕ್ಕ ಹೇಳಿಕೊಂಡು ಬರುವವರಿರುತ್ತಾರೆ. ನಿಮ್ಮ ಕೈಬರಹದ ಪಟ್ಟಿ ಹೆಂಡತಿಗೆ ದೊಡ್ಡ ಬಲ. ತೀರಿಕೊಂಡವರ ಸಾಲವನ್ನು ಅವರು ಬಿಟ್ಟುಹೋದ ಆಸ್ತಿಯ ಮಿತಿಯಲ್ಲಿ ಮಾತ್ರ ವಾರಸುದಾರರಿಂದ ವಸೂಲು ಮಾಡಬಹುದು. ಹೆಂಡತಿಯಾಗಲಿ ಮಗುವಾಗಲಿ ತಮ್ಮ ಸ್ವಂತ ದುಡಿಮೆಯಿಂದ ಅದನ್ನು ತೀರಿಸಬೇಕೆಂದು ಕಾಯಿದೆ ಹೇಳುವುದಿಲ್ಲ, ಅವರೇ ಜಾಮೀನು ಹಾಕಿದ್ದರೆ ಮಾತ್ರ ಬೇರೆ ಮಾತು.

ಎಲ್ಲಿಡಬೇಕು? ಯಾರಿಗೆ ಗೊತ್ತಿರಬೇಕು?

ಎಲ್ಲ ಪತ್ರಗಳನ್ನೂ ಒಂದೇ ಪೆಟ್ಟಿಗೆಯಲ್ಲಿ, ನೀರು, ಇಲಿ, ಗೆದ್ದಲು ಮುಟ್ಟದಂತೆ ಇಡಿ. ಒಂದೊಂದು ಜೆರಾಕ್ಸ್ ಪ್ರತಿಯನ್ನು ನಂಬಿಕೆಯ ಬಂಧುಗಳ ಮನೆಯಲ್ಲಿಡಿ. ಪೆಟ್ಟಿಗೆಯಲ್ಲಿ ಏನೇನಿದೆ ಎಂಬುದನ್ನು ಹೆಂಡತಿಯನ್ನು ಕೂರಿಸಿಕೊಂಡು ಒಂದೊಂದಾಗಿ ತೋರಿಸಿ. "ಅವಳಿಗೇಕೆ ಇದೆಲ್ಲ" ಎನ್ನುವ ಮಾತು ಬೇಡ. ಆಪತ್ತಿನ ದಿನ ಪೆಟ್ಟಿಗೆ ತೆರೆಯಬೇಕಾದವಳು ಅವಳೇ.

ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಇತರರಿಗೆ ಆದಾಯದ ಮಿತಿ ಇದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು. 15100 ಎಂಬ ಸಂಖ್ಯೆಗೆ ದೂರವಾಣಿ ಮಾಡಿಯೂ ಕೇಳಬಹುದು.

ನೆನಪಿಗೆ ಒಂದು ಪಟ್ಟಿ

21 ದಿನದೊಳಗೆ: ಜನನ ನೋಂದಣಿ. ತಂದೆ ತಾಯಿಯರ ಹೆಸರು ಸರಿಯಿದೆಯೇ ನೋಡುವುದು.

ನಾಮಕರಣವಾದ ಕೂಡಲೇ: ಜನನ ಪತ್ರದಲ್ಲಿ ಮಗುವಿನ ಹೆಸರು ಸೇರಿಸುವುದು.

ಮೂರು ತಿಂಗಳೊಳಗೆ: ಮಗುವಿನ ಆಧಾರ್, ಪಡಿತರ ಚೀಟಿ. ಎಲ್ಲ ಖಾತೆಗಳ ನಾಮಿನಿ ಬದಲಾವಣೆ. ಮದುವೆ ನೋಂದಣಿ ಆಗಿಲ್ಲದಿದ್ದರೆ ಅದು.

ಆರು ತಿಂಗಳೊಳಗೆ: ಪಹಣಿ ಪರಿಶೀಲನೆ, ವಂಶವೃಕ್ಷ, ಪೌತಿ ಖಾತೆಗೆ ಅರ್ಜಿ.

ಒಂದು ವರ್ಷದೊಳಗೆ: ಗಂಡಹೆಂಡಿರ ಉಯಿಲು, ಪೋಷಕರ ಹೆಸರು, ಸಾಲ ಮತ್ತು ಆಸ್ತಿಯ ಪಟ್ಟಿ.

ಸುಗ್ಗಿ ಮುಗಿದು ಕೈಗೆ ಬಿಡುವು ಸಿಗುವ ದಿನಗಳು ಈ ಕೆಲಸಕ್ಕೆ ತಕ್ಕ ಕಾಲ. ಒಂದು ದಿನ ನಾಡಕಚೇರಿಗೆ, ಒಂದು ದಿನ ಬ್ಯಾಂಕಿಗೆ, ಒಂದು ದಿನ ಉಪನೋಂದಣಾಧಿಕಾರಿಗಳ ಕಚೇರಿಗೆ ಎಂದು ಗೊತ್ತುಮಾಡಿಕೊಂಡು ಹೊರಡಿ. ಹೊಲಕ್ಕೆ ಬದು ಹಾಕುವುದು ಮಳೆ ಬರುವ ಮೊದಲು. ಮಳೆ ಬಂದ ಮೇಲೆ ಹಾಕಲು ಹೋದರೆ ಮಣ್ಣು ಅದಾಗಲೇ ಕೊಚ್ಚಿಹೋಗಿರುತ್ತದೆ. ಮಕ್ಕಳ ಕಾಗದಪತ್ರಗಳಿಗೂ ಇದೇ ಮಾತು ಸಲ್ಲುತ್ತದೆ.